ಒಂಬತ್ತನೆಯ ಭಯ

ಛತ್ರಪತಿ ಸಂಭಾಜಿನಗರದ ಉತ್ತರಕ್ಕೆ, ಬೀಬಿ ಕಾ ಮಕ್ಬರಾದ ಹಿಂದಿನ ಗುಡ್ಡದಲ್ಲಿ ಒಂದು ಸಾಲು ಬೌದ್ಧ ಗುಹೆಗಳಿವೆ. ಎಲ್ಲೋರಾ, ಅಜಂತಾ ನೋಡಲು ಬಂದವರಲ್ಲಿ ಇಲ್ಲಿಗೆ ಹತ್ತಿ ಬರುವವರು ಕಡಿಮೆ. ಏಳನೆಯ ಗುಹೆಯ ಜಗಲಿಯಲ್ಲಿ ಅವಲೋಕಿತೇಶ್ವರನ ದೊಡ್ಡ ಶಿಲ್ಪವಿದೆ. ಅವನ ಎರಡೂ ಬದಿಗೆ ಪುಟ್ಟ ಪುಟ್ಟ ಚೌಕಗಳು. ಒಂದರಲ್ಲಿ ಬೆಂಕಿ, ಇನ್ನೊಂದರಲ್ಲಿ ಕತ್ತಿ ಹಿಡಿದ ಕಳ್ಳ, ಮತ್ತೊಂದರಲ್ಲಿ ಸಂಕೋಲೆ. ಸಿಂಹ, ಹಾವು, ಆನೆ, ಸಾವು ಕೂಡ ಇವೆ. ಇವುಗಳ ನಡುವೆ ಮುಳುಗುತ್ತಿರುವ ಒಂದು ಹಡಗಿದೆ. ಪ್ರಯಾಣ ಹೊರಟ ವರ್ತಕ ಯಾವುದಕ್ಕೆಲ್ಲ ಹೆದರುತ್ತಿದ್ದನೋ ಆ ಎಂಟು ಭಯಗಳ ಪಟ್ಟಿ ಅದು.

ಸಮುದ್ರ ಇಲ್ಲಿಂದ 200 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಆದರೂ ಈ ಬೆಟ್ಟದೂರಿನ ಶಿಲ್ಪಿಗೆ ಹಡಗು ಒಡೆಯುವ ಭಯ ಪರಕೀಯವಾಗಿರಲಿಲ್ಲ. ಅವನ ಪಟ್ಟಿಯಲ್ಲಿ ಇಲ್ಲದ ಭಯವೊಂದಿದೆ. ಹಡಗು ತನ್ನ ಆಯುಷ್ಯದ ದೊಡ್ಡ ಪಾಲನ್ನು ನೆಲದ ಮೇಲೆ ಕಳೆಯುತ್ತದೆ. ಕಟ್ಟುವಾಗ, ದುರಸ್ತಿಗೆ ಎಳೆದಾಗ, ಮಳೆಗಾಲ ಕಳೆಯುವಾಗ, ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವಾಗ, ಕೊನೆಗೆ ಮ್ಯೂಸಿಯಮ್ಮಿನಲ್ಲಿ ನಿಂತಾಗ ಅದಕ್ಕೆ ನೀರಿನ ಆಸರೆ ಇರುವುದಿಲ್ಲ. ಅಲೆಗಳಿಗೆ ಬಗ್ಗದ ಎಷ್ಟೋ ಹಡಗುಗಳು ನೆಲದ ಮೇಲೆ ಸುಮ್ಮನೆ ನಿಂತಲ್ಲೇ ಸೊಟ್ಟಗಾಗಿವೆ. ಗಾಳಿಯಿಲ್ಲ, ಬಂಡೆಯಿಲ್ಲ, ಸದ್ದೂ ಇಲ್ಲ. ಆಸರೆ ಕೊಟ್ಟ ಜಾಗ ತಪ್ಪಾಗಿತ್ತು, ಅಷ್ಟೆ.

ನಾಸಿಕದ ಶಾಸನ, ಅಜಂತಾದ ಚಿತ್ರ

ದಖ್ಖನ್ನಿನ ಒಳನಾಡಿಗೂ ದೋಣಿಗೂ ಇದ್ದ ನಂಟು ಹಳೆಯದು. ನಾಸಿಕದ ಪಾಂಡವಲೇಣಿಯ ಹತ್ತನೆಯ ಗುಹೆಯಲ್ಲಿ ಉಷವದಾತನ ಶಾಸನವಿದೆ. ಇವನು ಕ್ಷಹರಾತ ದೊರೆ ನಹಪಾನನ ಅಳಿಯ. ಕಾಲ ಸುಮಾರು ಕ್ರಿ.ಶ. 1-2ನೇ ಶತಮಾನ. ತಾನು ಮಾಡಿದ ದಾನಗಳನ್ನು ಅವನು ಇಲ್ಲಿ ಒಂದೊಂದಾಗಿ ಹೇಳಿಸಿದ್ದಾನೆ. ಅವುಗಳಲ್ಲೊಂದು, ಇಬಾ, ಪಾರಾದಾ, ದಮಣ, ತಾಪಿ, ಕರಬೇಣಾ, ದಾಹನುಕಾ ಎಂಬ ಆರು ನದಿಗಳಲ್ಲಿ ಜನರನ್ನು ದುಡ್ಡು ಪಡೆಯದೆ ದೋಣಿಯಲ್ಲಿ ದಾಟಿಸುವ ವ್ಯವಸ್ಥೆ. ಇವುಗಳಲ್ಲಿ ದಮಣವೆಂದರೆ ಇಂದಿನ ದಮಣಗಂಗಾ. ಅದು ಹುಟ್ಟುವುದು ನಾಸಿಕ ಜಿಲ್ಲೆಯ ಸಹ್ಯಾದ್ರಿಯಲ್ಲೇ. ಕೆರೆ ಕಟ್ಟಿಸಿದ, ಅನ್ನಛತ್ರ ಇಟ್ಟ ಪುಣ್ಯದಷ್ಟೇ ದಾಟಿಸುವುದೂ ಪುಣ್ಯವೆಂದು ಶಾಸನ ಎಣಿಸುತ್ತದೆ. ಅದೇ ಶಾಸನದಲ್ಲಿ 32,000 ತೆಂಗಿನ ಮರಗಳ ದಾನದ ಮಾತೂ ಬರುತ್ತದೆ. ತೆಂಗಿನ ನಾರು ಯಾವ ಕೆಲಸಕ್ಕೆ ಹೋಯಿತೆಂದು ಶಾಸನ ಹೇಳುವುದಿಲ್ಲ. ಆದರೆ ಅರಬ್ಬೀ ಸಮುದ್ರದ ಸುತ್ತಮುತ್ತ ಹಡಗಿನ ಹಲಗೆಗಳನ್ನು ಒಂದಕ್ಕೊಂದು ಹೊಲಿಯುತ್ತಿದ್ದದ್ದು ಅದೇ ನಾರಿನ ಹಗ್ಗದಿಂದ.

ಅದೇ ಸುಮಾರಿನಲ್ಲಿ ಬರೆದ ಗ್ರೀಕ್ ಪುಸ್ತಕ 'ಪೆರಿಪ್ಲಸ್', ಪೈಠಣ ಮತ್ತು ತೇರ್ ಊರುಗಳಿಂದ ಸರಕು ದಾರಿಯಿಲ್ಲದ ದಾರಿಯಲ್ಲಿ ಗಾಡಿಗಳ ಮೇಲೆ ಭರೂಚ್ ಬಂದರಿಗೆ ಬರುತ್ತಿತ್ತೆಂದು ಹೇಳುತ್ತದೆ. ಪೈಠಣ ಇಂದು ಸಂಭಾಜಿನಗರ ಜಿಲ್ಲೆಯ ತಾಲ್ಲೂಕು. ಎತ್ತಿನಗಾಡಿಯವನಿಗೂ ಹಡಗಿನವನಿಗೂ ಒಂದು ವಿಷಯ ಸಮಾನವಾಗಿ ತಿಳಿದಿರಬೇಕಿತ್ತು: ಭಾರವನ್ನು ಎಲ್ಲಿ ಕೂರಿಸಬೇಕು ಎಂಬುದು.

ಇದೇ ಜಿಲ್ಲೆಯ ಅಜಂತಾದಲ್ಲಿ, ಎರಡನೆಯ ಗುಹೆಯ ಗೋಡೆಯ ಮೇಲೆ, ಭಾರತದ ಹಡಗುಗಳ ಬಗ್ಗೆ ಬರೆದವರೆಲ್ಲ ಉಲ್ಲೇಖಿಸುವ ಚಿತ್ರವಿದೆ. ಅದು ಪೂರ್ಣನ ಕಥೆ. ಸೋಪಾರಾ ಬಂದರಿನ ವರ್ತಕ ಕುಟುಂಬದ ಮಗ ಪೂರ್ಣ ಭಿಕ್ಷುವಾದ. ಗಂಧದ ಮರ ತರಲು ಸಮುದ್ರಕ್ಕೆ ಹೋದ ಅವನ ಅಣ್ಣ ಬಿರುಗಾಳಿಗೆ ಸಿಕ್ಕಿ ತಮ್ಮನನ್ನು ನೆನೆದ. ಚಿತ್ರದಲ್ಲಿ ಮೂರು ಕೂವೆಮರ, ಎತ್ತರದ ಚೌಕ ಹಾಯಿಗಳು, ಹಿಂಬದಿಯಲ್ಲಿ ಚುಕ್ಕಾಣಿಯ ಹುಟ್ಟು, ಸಾಲಾಗಿ ಇಟ್ಟ ಹೂಜಿಗಳು ಕಾಣುತ್ತವೆ. ಚಿತ್ರಕಾರ ಹಡಗನ್ನು ಒಂದು ಬದಿಯಿಂದ ಬರೆದಿದ್ದಾನೆ. ಅದರ ಅಡ್ಡ ಅಳತೆ ಎಷ್ಟು, ತಳ ಎಷ್ಟು ದುಂಡಗಿತ್ತು, ಹಲಗೆ ಎಷ್ಟು ದಪ್ಪ ಎಂಬುದು ಬಣ್ಣದಲ್ಲಿಲ್ಲ. ಈ ಕೊರತೆ 1,500 ವರ್ಷಗಳ ನಂತರ ಕೆಲವರಿಗೆ ನಿಜವಾದ ಸಮಸ್ಯೆಯಾಯಿತು. ಅದರ ಮಾತು ಮುಂದೆ ಬರುತ್ತದೆ.

ನೀರು ಹಿಡಿಯುವ ಬಗೆ

ಹಡಗಿನ ಹೊರಮೈಗೆ ಕನ್ನಡದಲ್ಲಿ ಒಡಲು ಎನ್ನಬಹುದು. ಅದರ ತಳದಲ್ಲಿ ಉದ್ದಕ್ಕೂ ಸಾಗುವ ಅಡಿಮರಕ್ಕೆ ಇಂಗ್ಲಿಷಿನಲ್ಲಿ ಕೀಲ್ ಎನ್ನುತ್ತಾರೆ. ನಮ್ಮ ಕೀಲಿಗೂ ಅದಕ್ಕೂ ನಂಟಿಲ್ಲ. ನಮ್ಮ ಕೀಲು ಜೋಡಿಸುತ್ತದೆ, ಅವರ ಕೀಲ್ ಬೆನ್ನೆಲುಬಿನಂತೆ ಎಲ್ಲವನ್ನೂ ಹೊರುತ್ತದೆ.

ನೀರಿನಲ್ಲಿ ತೇಲುವ ಒಡಲನ್ನು ನೀರು ಒಂದು ಜಾಗದಲ್ಲಿ ಹಿಡಿಯುವುದಿಲ್ಲ. ಮುಳುಗಿದ ಮೈಯೆಲ್ಲವನ್ನೂ ಸ್ವಲ್ಪ ಸ್ವಲ್ಪವೇ ಒತ್ತುತ್ತದೆ. ಒಂದು ಲೆಕ್ಕ ಹಾಕಿ ನೋಡಬಹುದು. 400 ಕಿಲೋ ತೂಕದ ಹಾಯಿದೋಣಿ 25 ಸೆಂಟಿಮೀಟರ್ ಆಳ ಮುಳುಗಿದೆ ಎಂದಿಟ್ಟುಕೊಳ್ಳಿ. ಅದರ ತಳದ ಅತಿ ಆಳದ ಜಾಗದಲ್ಲೂ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ 25 ಗ್ರಾಮಿನಷ್ಟೇ. ಅದೇ ದೋಣಿಯನ್ನು ಎತ್ತಿ 10 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಉದ್ದದ ಎರಡು ಮೆತ್ತೆಗಳ ಮೇಲೆ ಕೂರಿಸಿದರೆ ಒತ್ತಡ ಚದರ ಸೆಂಟಿಮೀಟರಿಗೆ 800 ಗ್ರಾಮ್ ಆಗುತ್ತದೆ. ಅಂದರೆ 30 ಪಟ್ಟಿಗೂ ಹೆಚ್ಚು. ಇದು ನಿಂತಾಗಿನ ಲೆಕ್ಕ. ಟ್ರೇಲರ್ ರಸ್ತೆಯ ಹಂಪಿನ ಮೇಲೆ ಹಾರಿದಾಗ ಅದು ಇನ್ನೂ ಏರುತ್ತದೆ.

ಹಾಗೆಂದು ನೀರೂ ಸಂಪೂರ್ಣ ಸಾಧುವಲ್ಲ. ಹಡಗಿನ ನಡುಭಾಗ ದುಂಡಗೆ, ಅಗಲವಾಗಿರುವುದರಿಂದ ಅಲ್ಲಿ ನೀರು ಹೆಚ್ಚು ಎತ್ತುತ್ತದೆ. ಮೂತಿ ಮತ್ತು ಬಾಲ ಚೂಪಾಗಿರುವುದರಿಂದ ಅಲ್ಲಿ ನೀರಿನ ಆಸರೆ ಕಡಿಮೆ, ತೂಕ ಮಾತ್ರ ಇದ್ದೇ ಇರುತ್ತದೆ. ಉದ್ದದ ಮರದ ಹಡಗು ವರ್ಷಗಳು ಕಳೆದಂತೆ ಎರಡೂ ತುದಿಗಳಲ್ಲಿ ಜೋತು ನಡುವಿನಲ್ಲಿ ಉಬ್ಬುತ್ತದೆ. ಇಂಗ್ಲಿಷ್ ಬಡಗಿಗಳು ಇದಕ್ಕೆ ಹಂದಿಯ ಬೆನ್ನಿನ ಹೋಲಿಕೆಯಿಂದ ಹಾಗಿಂಗ್ ಎಂದು ಹೆಸರಿಟ್ಟರು. ನಾವು ಗೂನು ಎನ್ನಬಹುದು. ಇದರ ತಿರುಗುಮುರುಗು ಸ್ಯಾಗಿಂಗ್, ಅಂದರೆ ನಡು ಜೋಲುವುದು. ನೀರಿನಲ್ಲಿ ದಶಕಗಳು ಹಿಡಿಯುವ ಈ ಕೆಲಸವನ್ನು ನೆಲದ ಮೇಲಿನ ತಪ್ಪು ಆಸರೆ ಒಂದೇ ಬೇಸಿಗೆಯಲ್ಲಿ ಮಾಡಿ ಮುಗಿಸಬಲ್ಲದು.

ಮೂರು ಹಡಗುಗಳ ಕಥೆ

ಸಹ್ಯಾದ್ರಿಯನ್ನು ಇಳಿದರೆ ಮುಂಬಯಿ. 1736ರಲ್ಲಿ ಸೂರತ್ತಿನಿಂದ ಇಲ್ಲಿಗೆ ಬಂದ ಪಾರ್ಸಿ ಬಡಗಿ ಲವ್ಜಿ ನುಸ್ಸರ್ವಾನ್ಜಿ ವಾಡಿಯಾ ಮತ್ತು ಅವನ ವಂಶದವರು ತಲೆಮಾರುಗಳ ಕಾಲ ಈಸ್ಟ್ ಇಂಡಿಯಾ ಕಂಪನಿಗೂ ಬ್ರಿಟಿಷ್ ನೌಕಾಪಡೆಗೂ ಹಡಗು ಕಟ್ಟಿದರು. ಇಂಗ್ಲೆಂಡಿನಲ್ಲಿ ಓಕ್ ಮರದ ಬರ ಬಂದಾಗ ಮಲಬಾರಿನ ತೇಗ ನೌಕಾಪಡೆಯ ಕೈಹಿಡಿಯಿತು. 'ಟ್ರಿಂಕೋಮಲಿ' ಎಂಬ ಯುದ್ಧನೌಕೆ ಹೀಗೆ ಮುಂಬಯಿಯಲ್ಲಿ ಹುಟ್ಟಿ 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಅದರ ನಕ್ಷೆಗಳನ್ನು ಹೊತ್ತು ಭಾರತಕ್ಕೆ ಹೊರಟಿದ್ದ 'ಜಾವಾ' ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ 'ಕಾನ್‌ಸ್ಟಿಟ್ಯೂಷನ್' ಸೋಲಿಸಿ ಸುಟ್ಟಿತ್ತು. ನಕ್ಷೆ ಮತ್ತೆ ಕಳಿಸಬೇಕಾಯಿತು.

ಟ್ರಿಂಕೋಮಲಿ, ಕಾನ್‌ಸ್ಟಿಟ್ಯೂಷನ್, ಮತ್ತು ನೆಲ್ಸನ್ನನ 'ವಿಕ್ಟರಿ' ಈ ಮೂರೂ ಇಂದಿಗೂ ಉಳಿದಿವೆ. ಒಂದೊಂದೂ ಉಳಿದ ಬಗೆ ಬೇರೆ.

ಟ್ರಿಂಕೋಮಲಿ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇವತ್ತೂ ನೀರಿನಲ್ಲಿ ತೇಲುತ್ತಿದೆ. ವಿಕ್ಟರಿಯನ್ನು 1922ರಲ್ಲಿ ಪೋರ್ಟ್ಸ್‌ಮತ್‌ನ ಒಣ ಕಟ್ಟೆಯಲ್ಲಿ ಶಾಶ್ವತವಾಗಿ ನಿಲ್ಲಿಸಿದರು. ಅದನ್ನು ಹಿಡಿದದ್ದು 22 ಉಕ್ಕಿನ ತೊಟ್ಟಿಲುಗಳು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಮೀಟರುಗಟ್ಟಲೆ ಅಂತರ. ಸುಮಾರು ನೂರು ವರ್ಷಗಳಲ್ಲಿ ಒಡಲು ತೊಟ್ಟಿಲು ಇದ್ದಲ್ಲಿ ಒತ್ತಿಕೊಂಡು, ಇಲ್ಲದಲ್ಲಿ ಜೋಲತೊಡಗಿತು. ಗುಂಡುಗಳನ್ನು ತಾಳಿಕೊಂಡ ಹಡಗು ತನ್ನ ತೂಕಕ್ಕೇ ಸೋಲುತ್ತಿತ್ತು. ಕೊನೆಗೆ ಒಡಲನ್ನೆಲ್ಲ ಲೇಸರ್‌ನಿಂದ ಅಳೆದು, ತೂಕ ಎಲ್ಲೆಲ್ಲಿ ಎಷ್ಟು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಹಳೆಯ ತೊಟ್ಟಿಲುಗಳ ಜಾಗದಲ್ಲಿ 134 ಊರುಗಂಬಗಳನ್ನು ಕೊಟ್ಟರು. ಪ್ರತಿಯೊಂದನ್ನೂ ಬೇಕಾದಷ್ಟು ಏರಿಸಿ ಇಳಿಸಬಹುದು. ಎಷ್ಟು ಭಾರ ಹೊತ್ತಿದೆ ಎಂದು ಓದಬಹುದು. ನೀರು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಉಕ್ಕಿನಿಂದ ನಕಲು ಮಾಡಲು ಇಷ್ಟೆಲ್ಲ ಬೇಕಾಯಿತು.

ಕಾನ್‌ಸ್ಟಿಟ್ಯೂಷನ್ನಿನ ಕಥೆ ದುರಸ್ತಿಯದು. 1797ರಲ್ಲಿ ನೀರಿಗಿಳಿದ ಅದರ ಅಡಿಮರ 200 ವರ್ಷಗಳಲ್ಲಿ ಒಂದಡಿಗೂ ಮಿಕ್ಕಿ ಗೂನಾಗಿತ್ತು. ಇದಕ್ಕೊಂದು ಕಾರಣ ಒಳಗಿತ್ತು. ಅದನ್ನು ವಿನ್ಯಾಸ ಮಾಡಿದ ಜೋಶುವಾ ಹಂಫ್ರೀಸ್ ಒಡಲಿನೊಳಗೆ ಓರೆಯಾಗಿ ಸಾಗುವ ತೊಲೆಗಳನ್ನು ಇಟ್ಟಿದ್ದ; ಹಿಂದಿನ ರಿಪೇರಿಗಳಲ್ಲಿ ಅವು ಮಾಯವಾಗಿದ್ದವು. 1992ರಿಂದ 1995ರವರೆಗೆ ಬಾಸ್ಟನ್ನಿನ ಒಣ ಕಟ್ಟೆಯಲ್ಲಿಟ್ಟು ಅದನ್ನು ಸರಿಪಡಿಸಿದರು. ಜಾಕಿ ಹಾಕಿ ಎಳೆಯಲಿಲ್ಲ. ಅಡಿಮರದ ಕೆಳಗಿನ ದಿಮ್ಮಿಗಳ ಎತ್ತರವನ್ನು ಹೊಂದಿಸಿ, ಹಡಗಿನ ಸ್ವಂತ ತೂಕವೇ ಅದರ ಬೆನ್ನನ್ನು ನೇರ ಮಾಡುವಂತೆ ಬಿಟ್ಟರು. ನೇರವಾದ ಮೇಲೆ ಓರೆ ತೊಲೆಗಳನ್ನು ಮತ್ತೆ ಕೂರಿಸಿದರು. 1997ರ ಜುಲೈ 21ರಂದು, 116 ವರ್ಷಗಳ ನಂತರ, ಅದು ತನ್ನದೇ ಹಾಯಿಯಲ್ಲಿ ಸಾಗಿತು.

ಇದರಲ್ಲಿರುವ ಪಾಠ ಎರಡು ಸಾಲಿನದು. ಕೆಡಿಸಿದ ತೂಕವೇ ಸರಿಪಡಿಸಬಲ್ಲದು, ಆಸರೆಯ ಜಾಗ ಬದಲಾದರೆ. ನಿಧಾನವಾಗಿ ಕೆಟ್ಟದ್ದನ್ನು ನಿಧಾನವಾಗಿಯೇ ತಿದ್ದಬೇಕು, ತಿದ್ದಿದ ಮೇಲೆ ಒಳಗಿನಿಂದ ಬಿಗಿ ಮಾಡದಿದ್ದರೆ ಅದು ಮತ್ತೆ ಹಳೆಯ ಚಾಳಿಗೆ ಮರಳುತ್ತದೆ.

ಹೊಲಿದ ಹಡಗು

ಅಜಂತಾದ ಚಿತ್ರಕ್ಕೆ ಮರಳೋಣ. 2023ರ ಜುಲೈನಲ್ಲಿ ಕೇಂದ್ರದ ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ ಮತ್ತು ಗೋವೆಯ ಹೋಡಿ ಇನೋವೇಷನ್ಸ್ ಸಂಸ್ಥೆ ಸೇರಿ, ಅಜಂತಾದ ಗೋಡೆಯ ಮೇಲಿನ 5ನೇ ಶತಮಾನದ ಹಡಗನ್ನು ಮತ್ತೆ ಕಟ್ಟುವ ಒಪ್ಪಂದ ಮಾಡಿಕೊಂಡವು. ಆ ವರ್ಷ ಸೆಪ್ಟೆಂಬರ್ 12ರಂದು ಗೋವೆಯಲ್ಲಿ ಅಡಿಮರ ಇಟ್ಟರು. ಕೇರಳದ ಬಾಬು ಶಂಕರನ್ ಮುಂದಾಳುತನದಲ್ಲಿ ಬಡಗಿಗಳ ತಂಡ ದುಡಿಯಿತು. ನಕ್ಷೆ ಎಂಬುದೇ ಇರಲಿಲ್ಲ. ಒಂದು ಬದಿಯ ಚಿತ್ರದಿಂದ ಮೂರು ಆಯಾಮದ ಒಡಲನ್ನು ಊಹಿಸಬೇಕಿತ್ತು. ನೌಕಾಪಡೆಯವರು ಊಹಿಸಿದ ಆಕಾರವನ್ನು ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಮಾದರಿ ಮಾಡಿ ಪರೀಕ್ಷಿಸಿದರು.

ಹಲಗೆಗಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಾಗಿಸಿ, ತೆಂಗಿನ ಹುರಿಹಗ್ಗದಿಂದ ಹೊಲಿದು, ಸಂದುಗಳಿಗೆ ನಾರು ತುಂಬಿ ರಾಳ ಬಳಿದರು. ಹೊಲಿದ ಹಡಗಿನ ಗುಣವೇ ಬೇರೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ತಾಳಿಕೊಳ್ಳುತ್ತದೆ ಎಂದು 14ನೇ ಶತಮಾನದಲ್ಲೇ ಇಬ್ನ್ ಬತೂತ ಗುರುತಿಸಿದ್ದ. ಆದರೆ ಸಮುದ್ರದಲ್ಲಿ ಕಾಯುವ ಆ ಬಾಗುವ ಗುಣವೇ ನೆಲದ ಮೇಲೆ ಅಪಾಯ. ಹೊಲಿದು ಕಟ್ಟುವ ಪದ್ಧತಿಯಲ್ಲಿ ಮೊದಲು ಹೊರಮೈ ಏಳುತ್ತದೆ, ಪಕ್ಕೆಲುಬುಗಳು ಆಮೇಲೆ ಕೂರುತ್ತವೆ. ಪಕ್ಕೆಲುಬು ಕೂರುವವರೆಗೆ ಒಡಲಿನ ಆಕಾರ ಉಳಿದಿರುವುದು ಕೆಳಗಿನಿಂದ, ಬದಿಯಿಂದ ಕೊಟ್ಟ ಊರುಗಂಬಗಳ ಮೇಲೆ. ಒಂದು ಕಂಬ ಒಂದಂಗುಲ ಸರಿದರೆ ಹಡಗು ಒಂದಂಗುಲ ಸೊಟ್ಟಗೆ ಹುಟ್ಟುತ್ತದೆ, ಮತ್ತು ಬದುಕಿರುವಷ್ಟು ದಿನ ಒಂದು ಬದಿಗೆ ಎಳೆಯುತ್ತದೆ.

2025ರ ಫೆಬ್ರವರಿಯಲ್ಲಿ ನೀರಿಗಿಳಿದ ಆ ಹಡಗನ್ನು ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿಸಿಕೊಂಡು 'ಕೌಂಡಿನ್ಯ' ಎಂದು ಹೆಸರಿಟ್ಟರು. ಹಾಯಿಯ ಮೇಲೆ ಕನ್ನಡಿಗರಿಗೆ ಪರಿಚಿತವಾದ ಗಂಡಭೇರುಂಡವಿದೆ. 2025ರ ಡಿಸೆಂಬರ್ 29ರಂದು ಪೋರ್‌ಬಂದರಿನಿಂದ ಹೊರಟ ಅದು 2026ರ ಜನವರಿ 14ರಂದು ಮಸ್ಕತ್ ತಲುಪಿತು. ಮಸ್ಕತ್ತಿನಲ್ಲೇ ಇನ್ನೊಂದು ಹೊಲಿದ ಹಡಗಿದೆ. ಟಿಮ್ ಸೆವೆರಿನ್ 1980-81ರಲ್ಲಿ ಒಮಾನಿನಿಂದ ಚೀನಾದವರೆಗೆ ನಡೆಸಿದ 'ಸೋಹಾರ್' ಈಗ ಒಂದು ರಸ್ತೆ ವೃತ್ತದ ನಡುವೆ, ನೆಲದ ಮೇಲೆ ನಿಂತಿದೆ.

ಕಾರವಾರದ ಸುತ್ತಿನ ಬೆಸ್ತರಿಗೆ ಹೊಲಿದ ದೋಣಿ ಹೊಸದಲ್ಲ. ರಾಂಪಣಿ ಬಲೆ ಬೀಸುವ ದೊಡ್ಡ ದೋಣಿಗಳ ಹಲಗೆಗಳನ್ನು ಇಲ್ಲಿ ಹುರಿಹಗ್ಗದಿಂದಲೇ ಹೊಲಿಯುತ್ತಿದ್ದರು. ಮಳೆಗಾಲದಲ್ಲಿ ದೋಣಿಗಳನ್ನು ದಂಡೆಗೆ ಎಳೆದು, ಅಡಿಗೆ ದಿಮ್ಮಿ ಕೊಟ್ಟು, ಮೇಲೆ ತೆಂಗಿನ ಗರಿ ಹೊದಿಸಿ ಇಡುವುದು ಕರಾವಳಿಯ ರೂಢಿ. ಗರಿ ಹೊದಿಸುವುದರ ಗುಟ್ಟು ಬರೀ ನೆರಳಲ್ಲ. ಒಳಗೆ ಮಳೆನೀರು ನಿಂತರೆ ಅದೂ ಭಾರ, ಮತ್ತು ಆ ಭಾರ ತಳವನ್ನು ಎರಡು ದಿಮ್ಮಿಗಳ ನಡುವೆ ಒತ್ತುತ್ತದೆ.

ಟ್ರೇಲರಿನ ಕಾಲ

ಕಳೆದ ಎಪ್ಪತ್ತು ವರ್ಷಗಳಲ್ಲಿ ಹಾಯಿದೋಣಿ ಹಗುರವಾಯಿತು, ರಸ್ತೆಗೆ ಬಂತು. ಕೆನಡಾದ ಬ್ರೂಸ್ ಕರ್ಬಿ 1969ರಲ್ಲಿ ಗೀಚಿದ ವಿನ್ಯಾಸದಿಂದ ಬಂದ 'ಲೇಸರ್' ದೋಣಿಯ ಒಡಲಿನ ತೂಕ ಸುಮಾರು 59 ಕಿಲೋ. ಕಾರಿನ ಮೇಲೆ ಕಟ್ಟಿಕೊಂಡು ಹೋಗಬಹುದಾದ ದೋಣಿ ಬೇಕೆಂಬುದೇ ಅದರ ಹುಟ್ಟಿನ ಕಾರಣ. ಮಕ್ಕಳ 'ಆಪ್ಟಿಮಿಸ್ಟ್' ದೋಣಿ 35 ಕಿಲೋ. ಇವು ಬಂದ ಮೇಲೆ ಹಾಯಿ ಓಟ ಸಮುದ್ರದಿಂದ ದೂರದ ಕೆರೆಗಳಿಗೂ ಹಬ್ಬಿತು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ದೇಶದ ದೊಡ್ಡ ಸ್ಪರ್ಧೆಗಳು ನಡೆಯುತ್ತವೆ. ದೋಣಿಗಳು ದಖ್ಖನ್ನಿನ ಮೇಲೆ ಬರುವುದು ಲಾರಿ, ಟ್ರೇಲರುಗಳ ಮೇಲೆ. ಪೈಠಣದ ಗಾಡಿಗಳು ಸರಕನ್ನು ಕಡಲಿಗೆ ಇಳಿಸುತ್ತಿದ್ದವು. ಈಗ ಗಾಡಿಗಳು ದೋಣಿಯನ್ನೇ ಒಳನಾಡಿಗೆ ಏರಿಸುತ್ತವೆ.

ಈ ಹೊಸ ಒಡಲು ಫೈಬರ್‌ಗ್ಲಾಸಿನದು. ಗಾಜಿನ ನಾರಿಗೆ ರಾಳ ಕೂಡಿಸಿ ಅಚ್ಚು ಹಾಕಿದ್ದು. ಅದು ಕೊಳೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಆದರೆ ಬಿಸಿಗೆ ರಾಳ ಸಡಿಲವಾಗುತ್ತದೆ, ಬಹಳ ದಿನ ಒಂದೇ ಕಡೆ ಒತ್ತಡ ಬಿದ್ದರೆ ಹಾಗೆಯೇ ಬಾಗಿ ಉಳಿಯುತ್ತದೆ. ಸಂಭಾಜಿನಗರದ ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ. ಕಪ್ಪು ಟಾರ್ಪಾಲಿನ ಅಡಿಯಲ್ಲಿ ಬಿಸಿಲಿಗೆ ನಿಂತ ಒಡಲು ಅದಕ್ಕಿಂತಲೂ ಕಾಯುತ್ತದೆ. ಸರಿಯಿಲ್ಲದ ಟ್ರೇಲರಿನ ಮೇಲೆ ಅಂಥ ಎರಡು ಬೇಸಿಗೆ ಕಳೆದ ದೋಣಿಯ ತಳದಲ್ಲಿ ಅಂಗೈ ಅಗಲದ ತಗ್ಗು ಬಿದ್ದಿರುತ್ತದೆ. ನೀರು ಅದರ ಮೇಲೆ ನಯವಾಗಿ ಹರಿಯದು, ಓಟ ಕುಗ್ಗುತ್ತದೆ. ಕೆಲವೊಮ್ಮೆ ತಗ್ಗಿನ ಅಂಚಿನಲ್ಲಿ ನಾರು ಸೀಳಿ ಒಳಗೆ ನೀರು ಸೇರುತ್ತದೆ.

ತಡೆಯುವ ಬಗೆ ವಿಕ್ಟರಿಯ 134 ಕಂಬಗಳು ಕಲಿಸಿದ್ದೇ. ದೋಣಿಗೆ ಅಡಿಮರವಿದ್ದರೆ ತೂಕದ ಬಹುಪಾಲು ಅದರ ಮೇಲೆ ಕೂರಬೇಕು. ಬದಿಯ ಮೆತ್ತೆಗಳು ದೋಣಿ ವಾಲದಂತೆ ತಡೆದರೆ ಸಾಕು, ಹೊರಬಾರದು. ಮೆತ್ತೆಗಳು ಗೇಣಿನ ತುಂಡುಗಳಾಗಿರದೆ ಒಡಲಿನ ಉದ್ದಕ್ಕೆ ಸಾಗುವ ಹಲಗೆಗಳಾಗಿರಬೇಕು, ಒಡಲಿನ ಬಾಗಿಗೆ ಹೊಂದಬೇಕು. ಒಳಗೆ ಅಡ್ಡಗೋಡೆ ಇರುವಲ್ಲಿ ಆಸರೆ ಕೊಟ್ಟರೆ ಮೈ ಬಗ್ಗದು. ದೋಣಿಯ ಹಿಂಭಾಗ ಟ್ರೇಲರಿನ ಆಚೆ ಗಾಳಿಯಲ್ಲಿ ನೇತಾಡಬಾರದು. ಅಡಿಮರವೇ ಇಲ್ಲದ ಲೇಸರ್, ಆಪ್ಟಿಮಿಸ್ಟ್‌ನಂಥ ಪುಟ್ಟ ದೋಣಿಗಳನ್ನು ತಳಕ್ಕಿಂತ ಮೇಲಂಚಿನಿಂದ ಹಿಡಿಯುವ ತಳ್ಳುಗಾಡಿ ಒಳ್ಳೆಯದು. ಅಂಚು ಗಟ್ಟಿ, ತಳ ತೆಳು. ಬೆಲ್ಟನ್ನು ಅತಿ ಬಿಗಿದರೆ ರಸ್ತೆಯಲ್ಲಿ ದೋಣಿ ಅಲುಗದು ನಿಜ, ಆದರೆ ಊರಿಗೆ ಬಂದ ಮೇಲೂ ಆ ಬಿಗಿತ ಬಿಟ್ಟರೆ ಒಡಲು ತಿಂಗಳುಗಟ್ಟಲೆ ಹಿಂಡಿಸಿಕೊಳ್ಳುತ್ತದೆ. ತಳದ ಬಿರಡೆ ತೆಗೆದು ಮೂತಿಯನ್ನು ಕೊಂಚ ಎತ್ತಿಟ್ಟರೆ ಮಳೆನೀರು ನಿಲ್ಲದು.

ತಗ್ಗು ಬಿದ್ದಾಗಿದ್ದರೆ ಮಾಡಬೇಕಾದ ಮೊದಲ ಕೆಲಸ ಭಾರ ತೆಗೆಯುವುದು. ಎಷ್ಟೋ ತಗ್ಗುಗಳು ದೋಣಿಯನ್ನು ಬೋರಲು ಹಾಕಿ ಬಿಸಿಲಿಗೆ ಕೆಲವು ದಿನ ಬಿಟ್ಟರೆ ತಾವೇ ಬಹುಮಟ್ಟಿಗೆ ಏಳುತ್ತವೆ. ಏಳದಿದ್ದರೆ ಒಳಗಿನಿಂದ ಅಗಲದ ಹಲಗೆ ಕೊಟ್ಟು ದಿನಕ್ಕಿಷ್ಟೇ ಎಂದು ಮೆಲ್ಲಗೆ ಒತ್ತಬೇಕು. ನಾಣ್ಯದಿಂದ ತಟ್ಟಿ ನೋಡಿದರೆ ಗಟ್ಟಿ ಮೈ ಠಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಮಂಕಾಗಿ ಸದ್ದು ಕೊಡುತ್ತದೆ. ಅಂಥಲ್ಲಿ ಕೆಟ್ಟ ಪದರವನ್ನು ಉಜ್ಜಿ ತೆಗೆದು ಹೊಸ ನಾರು, ರಾಳ ಹಾಕಬೇಕು. ಆಕಾರ ಬಂದ ಮೇಲೆ ಒಳಗೊಂದು ಪಟ್ಟಿ ಕೂರಿಸಿ ಬಿಗಿ ಮಾಡಬೇಕು. ಕಾನ್‌ಸ್ಟಿಟ್ಯೂಷನ್ನಿನ ಓರೆ ತೊಲೆಯ ತಮ್ಮ ಅದು. ಹೊರಗಿನಿಂದ ಪುಟ್ಟಿ ಮೆತ್ತಿ ನಯ ಮಾಡುವುದು ಎಲ್ಲಕ್ಕಿಂತ ಸುಲಭ, ಮತ್ತು ಹೆಚ್ಚಿನವರು ಮೊದಲು ಮಾಡುವುದೂ ಅದನ್ನೇ. ಟ್ರೇಲರ್ ಬದಲಾಗದಿದ್ದರೆ ಮುಂದಿನ ಬೇಸಿಗೆಗೆ ಪುಟ್ಟಿಯೊಂದಿಗೇ ತಗ್ಗು ಮರಳಿ ಬರುತ್ತದೆ.

ಔರಂಗಾಬಾದ್ ಗುಹೆಯ ಎಂಟು ಭಯಗಳೂ ಎದುರಿಗೆ ಬಂದು ಹೆದರಿಸುವಂಥವು. ಪ್ರಾರ್ಥಿಸಲು ಹೊತ್ತಾದರೂ ಸಿಗುತ್ತದೆ. ಒಂಬತ್ತನೆಯದು ದೋಣಿಯನ್ನು ನೆಲದಲ್ಲಿಟ್ಟು ಮನೆಗೆ ಹೋದ ಮೇಲೆ ಶುರುವಾಗುತ್ತದೆ. ಅದಕ್ಕೆ ಬೇಕಾದದ್ದು ತಿಂಗಳಿಗೊಮ್ಮೆ ಟಾರ್ಪಾಲು ಎತ್ತಿ, ಬಗ್ಗಿ, ಮೆತ್ತೆಗೂ ಒಡಲಿಗೂ ನಡುವೆ ಕೈಯಾಡಿಸಿ ನೋಡುವವರು.